ಇಪ್ಪತ್ತು ರಾತ್ರಿಗೊಮ್ಮೆ ಬ್ರಿಜಿಡ್‌ಗೊಂದು ದೀಪ

ಐರ್ಲೆಂಡಿನಲ್ಲಿ 2023ರಿಂದ ಫೆಬ್ರುವರಿ ತಿಂಗಳ ಶುರುವಿನಲ್ಲಿ ಒಂದು ಹೊಸ ಸರ್ಕಾರಿ ರಜೆ ಇದೆ. ಬ್ರಿಜಿಡ್ ಹೆಸರಿನ ರಜೆ. ಈ ದೇಶದಲ್ಲಿ ಹೆಣ್ಣೊಬ್ಬಳ ಹೆಸರಲ್ಲಿ ಸಿಕ್ಕ ಮೊದಲ ಸಾರ್ವಜನಿಕ ರಜೆ ಇದೇ. ನಮ್ಮಂಥ ಆಫೀಸಿನವರಿಗೆ ಅದು ಲಾಂಗ್ ವೀಕೆಂಡ್ ಅಷ್ಟೆ. ಆದರೆ ಈ ಬ್ರಿಜಿಡ್ ಯಾರು ಅಂತ ಡಬ್ಲಿನ್‌ನಲ್ಲಿ ನಾಲ್ಕು ಜನರನ್ನು ಕೇಳಿ ನೋಡಿ. ಇಬ್ಬರು "ನಮ್ಮ ಸಂತಳು, 1500 ವರ್ಷದ ಹಿಂದೆ ಮಠ ಕಟ್ಟಿದವಳು" ಅಂತಾರೆ. ಮೂರನೆಯವರು "ಅಲ್ಲ, ದೇವತೆ, ಕ್ರೈಸ್ತ ಧರ್ಮ ಬರೋಕೂ ಮುಂಚಿನವಳು" ಅಂತಾರೆ. ನಾಲ್ಕನೆಯವರು ನಕ್ಕು "ಎರಡೂ" ಅಂದುಬಿಡುತ್ತಾರೆ.

ನಾನು ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ ನನಗೆ ಪರಿಚಯವಾದವರು ಹೆಚ್ಚಾಗಿ ಆ ಮೂರನೆಯ ಗುಂಪಿನವರು. ತಮ್ಮನ್ನು ಪೇಗನ್ ಅಂತ ಕರೆದುಕೊಳ್ಳುವವರು. ಕೆಲವರು ಡ್ರೂಯಿಡ್, ಕೆಲವರು ವಿಕ್ಕನ್, ಕೆಲವರು ಯಾವ ಹೆಸರೂ ಬೇಡ ಅನ್ನುವವರು. ಹಗಲು ಅಕೌಂಟೆಂಟ್, ನರ್ಸ್, ಟೆಸ್ಟರ್. ಸಂಜೆ ಮನೆಯ ಕಿಟಕಿ ಪಕ್ಕದ ಪುಟ್ಟ ಕಪಾಟಿನ ಮುಂದೆ ಮೇಣದಬತ್ತಿ ಹಚ್ಚಿ, ಸಾವಿರಾರು ವರ್ಷದ ಹಿಂದಿನ ಹೆಸರೊಂದನ್ನು ಕರೆಯುತ್ತಾರೆ. ಸಿನಿಮಾದಲ್ಲಿ ತೋರಿಸುವ ಕಪ್ಪು ಗೌನು, ಮಾಟ-ಮಂತ್ರ ನಿರೀಕ್ಷಿಸಿ ಹೋದರೆ ನಿರಾಸೆ ಗ್ಯಾರಂಟಿ. ನಾನು ಹೋದ ಮೊದಲ ಕೂಟದಲ್ಲಿ ಅರ್ಧ ಹೊತ್ತು ಕಾರ್ ಪಾರ್ಕಿಂಗ್ ಬಗ್ಗೆಯೇ ಚರ್ಚೆ ಆಯಿತು.

ಇವರ ಸಂಖ್ಯೆ ಎಷ್ಟು? ಪಕ್ಕದ ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಅಂತ ಬರೆಸಿದ್ದಾರೆ. ಇನ್ನೊಂದು 13,000 ಜನ ವಿಕ್ಕನ್ ಅಂತ. ಎಲ್ಲರೂ ಕೆಲ್ಟಿಕ್ ದೇವರುಗಳ ಒಕ್ಕಲೇನಲ್ಲ. ಥೋರ್, ಓಡಿನ್ ಕಡೆಯವರೂ ಇದ್ದಾರೆ. ಆದರೂ ಈ ದ್ವೀಪಗಳಲ್ಲಿ ಕೆಲ್ಟಿಕ್ ಕಡೆ ಒಲವು ಜಾಸ್ತಿ.

ಬರೆದಿಡದ ಧರ್ಮ

ಮೊದಲು ಒಂದು ಕಷ್ಟ ಹೇಳಿಬಿಡಬೇಕು. ಕೆಲ್ಟರು ಅಂದರೆ ಒಂದೇ ಜನಾಂಗ, ಒಂದೇ ಧರ್ಮ ಅಲ್ಲ. ಇಂದಿನ ಫ್ರಾನ್ಸ್‌ನಿಂದ ಐರ್ಲೆಂಡ್ ತನಕ, ಅತ್ತ ಟರ್ಕಿಯ ನಡುಭಾಗದವರೆಗೂ, ಒಂದಕ್ಕೊಂದು ಸಂಬಂಧ ಇರುವ ಭಾಷೆಗಳನ್ನಾಡುತ್ತಿದ್ದ ಹಲವು ಬುಡಕಟ್ಟುಗಳು. ಅವರ ಪುರೋಹಿತರು ಡ್ರೂಯಿಡರು. ಜೂಲಿಯಸ್ ಸೀಸರ್ ಗಾಲ್ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ ಇವರ ವಿಷಯ ಬರುತ್ತೆ. ಡ್ರೂಯಿಡ್ ಆಗಲು ಕೆಲವರು ಇಪ್ಪತ್ತು ವರ್ಷ ಕಲಿಯುತ್ತಿದ್ದರಂತೆ. ಎಲ್ಲವೂ ಬಾಯಿಪಾಠ. ಪವಿತ್ರ ವಿದ್ಯೆಯನ್ನು ಬರವಣಿಗೆಗೆ ಇಳಿಸುವುದು ಸರಿಯಲ್ಲ ಅಂತ ಅವರ ನಂಬಿಕೆ.

ವೇದವನ್ನು ಕಂಠಪಾಠ ಮಾಡಿ ಉಳಿಸಿಕೊಂಡ ನಾಡಿನಿಂದ ಬಂದ ನಮಗೆ ಇದು ಅರ್ಥವಾಗುತ್ತೆ. ವ್ಯತ್ಯಾಸ ಏನೆಂದರೆ, ಅಲ್ಲಿ ಕಲಿಸುವ ಸರಪಳಿ ಕಡಿದುಹೋಯಿತು. ಬಾಯಿಪಾಠ ಇದ್ದವರು ತೀರಿಕೊಂಡರು, ಅವರ ಜೊತೆಗೆ ಪಾಠವೂ ಹೋಯಿತು.

ಹಾಗಾದರೆ ಉಳಿದಿರೋದು ಏನು? ಚೂರುಪಾರು. ಪ್ಯಾರಿಸ್‌ನ ನೋತ್ರ್‌ದಾಮ್ ಇಗರ್ಜಿಯ ಕೆಳಗೆ ಸಿಕ್ಕ ಕಲ್ಲುಕಂಬದ ತುಂಡುಗಳಲ್ಲಿ ಕೊಂಬಿರುವ ದೇವರ ಮುಖ, ಅದರ ಮೇಲೆ ಕೆರ್ನುನ್ನೋಸ್ ಅನ್ನುವ ಹೆಸರು. ಡೆನ್ಮಾರ್ಕ್‌ನ ಜೌಗಿನಲ್ಲಿ 1891ರಲ್ಲಿ ಸಿಕ್ಕ ಬೆಳ್ಳಿಯ ದೊಡ್ಡ ಪಾತ್ರೆಯ ಮೇಲೆ ಕೊಂಬಿನ ದೇವರು, ಸುತ್ತ ಪ್ರಾಣಿಗಳು. ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರ ಬುಗ್ಗೆಯಲ್ಲಿ ಸುಲಿಸ್ ಅನ್ನುವ ದೇವತೆ. ರೋಮನ್ನರು ಅವಳನ್ನು ತಮ್ಮ ಮಿನರ್ವಾ ಜೊತೆ ಸೇರಿಸಿ ಸುಲಿಸ್ ಮಿನರ್ವಾ ಮಾಡಿದರು. ಆ ಬುಗ್ಗೆಯಿಂದ ಸುಮಾರು 130 ಸೀಸದ ತಗಡುಗಳನ್ನು ಮೇಲೆತ್ತಿದ್ದಾರೆ. ತಗಡಿನ ಮೇಲೆ ಬರೆದಿರೋದು ಭಕ್ತರ ದೂರುಗಳು! ಒಬ್ಬನ ಎರಡು ಕೈಗವಸು ಕಳುವಾಗಿದೆ, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಅಂತ ಬೇಡಿಕೊಂಡಿದ್ದಾನೆ. ಕೈಗವಸಿಗೆ ಕಣ್ಣು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಬಹುದು. ಆದರೆ ದೈವಕ್ಕೆ ಹುಯಿಲು ಕೊಡುವುದನ್ನು ನೋಡಿ ಬೆಳೆದವರಿಗೆ ಆ ದನಿ ಹೊಸತೇನೂ ಅಲ್ಲ.

ಐರ್ಲೆಂಡಿಗೆ ರೋಮನ್ ಸೈನ್ಯ ಬಂದು ಆಳಲಿಲ್ಲ. ಹಾಗಾಗಿ ಇಲ್ಲಿ ದೇವರುಗಳ ಶಾಸನ ಇಲ್ಲ, ಕಥೆಗಳಿವೆ. ಆ ಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಮಠಗಳ ಸನ್ಯಾಸಿಗಳು! ಹಳೆಯ ದೇವರುಗಳನ್ನು ಪೂಜಿಸಬಾರದು ಅಂದವರೇ ಅವರ ಕಥೆಗಳನ್ನು ಚರ್ಮದ ಹಾಳೆಯ ಮೇಲೆ ಬರೆದು ಕಾಪಾಡಿದರು. ಕಥೆ ಉಳಿಯಿತು, ಪೂಜೆ ಉಳಿಯಲಿಲ್ಲ. ಯಾವ ದೇವರಿಗೆ ಯಾವ ನೈವೇದ್ಯ, ಯಾವ ಮಂತ್ರ, ಯಾವ ದಿಕ್ಕು, ಯಾವುದೂ ಗೊತ್ತಿಲ್ಲ.

ಈ ಖಾಲಿ ಜಾಗವನ್ನು ತುಂಬಿದವರಲ್ಲಿ ಪಂಡಿತರೂ ಇದ್ದರು, ಕಲ್ಪನಾವಿಲಾಸಿಗಳೂ ಇದ್ದರು. 1792ರಲ್ಲಿ ಇಯೋಲೋ ಮೊರ್ಗಾನುಗ್ ಅನ್ನುವ ವೇಲ್ಸ್ ಕವಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ಕಲ್ಲುಗಳನ್ನು ವೃತ್ತಾಕಾರವಾಗಿ ಇಟ್ಟು "ಪ್ರಾಚೀನ" ಕವಿಗಳ ಕೂಟ ನಡೆಸಿದ. ಅವನು ತೋರಿಸುತ್ತಿದ್ದ ಹಳೆಯ ಹಸ್ತಪ್ರತಿಗಳಲ್ಲಿ ಬಹಳಷ್ಟು ಅವನೇ ಬರೆದವು ಅಂತ ಆಮೇಲೆ ಗೊತ್ತಾಯಿತು. ಬ್ರಿಟನ್ನಿನ ಮಾಟ ವಿರೋಧಿ ಕಾನೂನು 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಅಧಿಕಾರಿ ಪುಸ್ತಕ ಬರೆದು ವಿಕ್ಕಾ ಪಂಥವನ್ನು ಜನರ ಮುಂದಿಟ್ಟ. ಅವನ ಗೆಳೆಯ ರಾಸ್ ನಿಕೋಲ್ಸ್ 1964ರಲ್ಲಿ ಡ್ರೂಯಿಡರ ಹೊಸ ಸಂಘವೊಂದನ್ನು ಕಟ್ಟಿದ. ಇಂದು ಪೇಗನ್ನರು ಆಚರಿಸುವ ವರ್ಷಕ್ಕೆ ಎಂಟು ಹಬ್ಬಗಳ ಚಕ್ರ ರೂಪುಗೊಂಡಿದ್ದೂ ಈ ಸುಮಾರಿನಲ್ಲೇ. ಅದರಲ್ಲಿ ನಾಲ್ಕು ಮಾತ್ರ ಐರಿಷ್ ಪರಂಪರೆಯಲ್ಲಿ ನಿಜವಾಗಿ ಹಳೆಯವು: ಸೌಇನ್ (ಹ್ಯಾಲೋವೀನ್‌ನ ಮೂಲ), ಇಂಬೋಲ್ಕ್, ಬ್ಯಾಲ್ಟನ, ಲೂನಸ.

ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಇದನ್ನೆಲ್ಲ ದಾಖಲೆ ಸಮೇತ ಬಿಡಿಸಿ ಬರೆದಾಗ ಕೆಲವು ಪೇಗನ್ನರಿಗೆ ಬೇಜಾರಾಯಿತು. ಇನ್ನು ಕೆಲವರು, ಸರಿ, ನಮ್ಮದು ಹೊಸ ಧರ್ಮ, ಏನೀಗ ಅಂತ ಮುಂದೆ ಹೋದರು. ನನಗೆ ಈ ಎರಡನೆಯವರ ಬಗ್ಗೆ ಗೌರವ ಜಾಸ್ತಿ.

ಕಿಲ್ಡೇರ್‌ನ ಬೆಂಕಿ

ಡಬ್ಲಿನ್‌ನಿಂದ ನೈರುತ್ಯಕ್ಕೆ ಸುಮಾರು 50 ಕಿ.ಮೀ. ಹೋದರೆ ಕಿಲ್ಡೇರ್. ಐರಿಷ್ ಹೆಸರು ಕಿಲ್ ದಾರಾ, ಅಂದರೆ ಓಕ್ ಮರದ ಇಗರ್ಜಿ. ಸಂತ ಬ್ರಿಜಿಡ್ ಇಲ್ಲಿ ಮಠ ಕಟ್ಟಿದಳು, 524ರ ಸುಮಾರಿಗೆ ತೀರಿಕೊಂಡಳು ಅಂತ ಪರಂಪರೆ ಹೇಳುತ್ತೆ. 2024ರಲ್ಲಿ 1500ನೇ ವರ್ಷ ಅಂತ ದೊಡ್ಡದಾಗಿ ಆಚರಿಸಿದರು.

12ನೇ ಶತಮಾನದ ಕೊನೆಯಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಅನ್ನುವ ಪಾದ್ರಿ ಇಲ್ಲಿನ ಆರದ ಬೆಂಕಿಯ ಬಗ್ಗೆ ಬರೆದ. ಬೆಂಕಿಯ ಸುತ್ತ ಬೇಲಿ, ಗಂಡಸರಿಗೆ ಒಳಗೆ ಪ್ರವೇಶ ಇಲ್ಲ. 19 ಸನ್ಯಾಸಿನಿಯರು ಒಂದೊಂದು ರಾತ್ರಿ ಒಬ್ಬೊಬ್ಬರಂತೆ ಕಾಯುತ್ತಾರೆ. ಇಪ್ಪತ್ತನೆಯ ರಾತ್ರಿ ಕಟ್ಟಿಗೆ ಇಟ್ಟು, ಇವತ್ತು ನಿನ್ನದೇ ಸರದಿ ತಾಯಿ ಅಂತ ಬ್ರಿಜಿಡ್‌ಗೇ ಒಪ್ಪಿಸಿ ಹೋಗುತ್ತಾರೆ. ಬೆಳಿಗ್ಗೆ ನೋಡಿದರೆ ಕಟ್ಟಿಗೆ ಉರಿದಿರುತ್ತೆ, ಬೆಂಕಿ ಹಾಗೇ ಇರುತ್ತೆ. ಇಷ್ಟು ವರ್ಷ ಉರಿದರೂ ಬೂದಿ ಮಾತ್ರ ರಾಶಿ ಬಿದ್ದಿಲ್ಲ ಅಂತಲೂ ಬರೆದಿದ್ದಾನೆ.

16ನೇ ಶತಮಾನದಲ್ಲಿ ಇಂಗ್ಲಿಷ್ ರಾಜ ಮಠಗಳನ್ನೆಲ್ಲ ಮುಚ್ಚಿಸಿದಾಗ ಆ ಬೆಂಕಿ ಆರಿತು. ಮತ್ತೆ ಹೊತ್ತಿದ್ದು 1993ರಲ್ಲಿ. ಬ್ರಿಜಿಡೀನ್ ಸನ್ಯಾಸಿನಿಯರು ಕಿಲ್ಡೇರ್ ಊರಿನ ಚೌಕದಲ್ಲಿ ಅದನ್ನು ಹಚ್ಚಿದರು. ಈಗ ಅವರ ಸೊಲಸ್ ವ್ರೀಜ ಎಂಬ ಕೇಂದ್ರದಲ್ಲಿ ಆ ದೀಪ ಉರಿಯುತ್ತಿದೆ. ವಿಚಿತ್ರ ಏನಪ್ಪಾ ಅಂದರೆ, ಅದೇ ವರ್ಷ ಅದೇ ಹಬ್ಬಕ್ಕೆ ಕೆನಡಾದ ವ್ಯಾಂಕೂವರ್‌ನಲ್ಲಿ ಡಾಟರ್ಸ್ ಆಫ್ ದ ಫ್ಲೇಮ್ ಅನ್ನುವ ಪೇಗನ್ ಗುಂಪೊಂದು, ಕಿಲ್ಡೇರ್‌ನಲ್ಲಿ ನಡೆಯುತ್ತಿದ್ದದ್ದು ಗೊತ್ತಿಲ್ಲದೆಯೇ, ಬ್ರಿಜಿಡ್ ಹೆಸರಲ್ಲಿ ದೀಪ ಕಾಯುವ ಸರದಿ ಶುರು ಮಾಡಿತು. ಈಗ ಇಂಥ ಗುಂಪುಗಳು ಹಲವು ದೇಶಗಳಲ್ಲಿವೆ. ಲೆಕ್ಕ ಅದೇ, ಹತ್ತೊಂಬತ್ತು ರಾತ್ರಿ ಮನುಷ್ಯರದ್ದು, ಇಪ್ಪತ್ತನೆಯದು ಅವಳದ್ದು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ, ಸೂರ್ಯಾಸ್ತದಿಂದ ಮರುದಿನದ ಸೂರ್ಯಾಸ್ತದವರೆಗೆ.

ಆದರೆ ಈ ಸಂತಳ ಹಿಂದೆ ದೇವತೆ ಇದ್ದಳಾ? ಇದಕ್ಕಿರುವ ಮುಖ್ಯ ಆಧಾರ ಒಂದು ಪದಕೋಶ. 908ರಲ್ಲಿ ಸತ್ತ ಕೊರ್ಮಾಕ್ ಎಂಬ ರಾಜ-ಬಿಷಪ್ ಹೆಸರಿನಲ್ಲಿರುವ ಆ ಕೋಶದಲ್ಲಿ ಬ್ರಿಜಿಡ್ ಅಂದರೆ ಕವಿಗಳು ಪೂಜಿಸುತ್ತಿದ್ದ ದೇವತೆ, ದಾಗ್ದ ದೇವನ ಮಗಳು, ಅವಳದೇ ಹೆಸರಿನ ಇನ್ನಿಬ್ಬರು ತಂಗಿ-ಅಕ್ಕಂದಿರಿದ್ದರು, ಒಬ್ಬಳು ವೈದ್ಯದವಳು, ಒಬ್ಬಳು ಕಮ್ಮಾರಿಕೆಯವಳು ಅಂತಿದೆ. ಅಷ್ಟೇ, ಕೆಲವೇ ಸಾಲು. ಅದನ್ನು ಬರೆದವನೂ ಕ್ರೈಸ್ತ. ಕಿಲ್ಡೇರ್‌ನ ಬೆಂಕಿ ದೇವತೆಯ ಕಾಲದಿಂದ ಬಂದದ್ದು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. 7ನೇ ಶತಮಾನದಲ್ಲಿ ಸಂತಳ ಚರಿತ್ರೆ ಬರೆದ ಕೊಗಿಟೋಸಸ್ ಇಗರ್ಜಿಯನ್ನು ಇಂಚಿಂಚೂ ವರ್ಣಿಸುತ್ತಾನೆ, ಆರದ ಬೆಂಕಿಯ ಮಾತೇ ಎತ್ತುವುದಿಲ್ಲ.

ಮೂರು ಬಣ್ಣದ ಶಾಯಿ

ಇದನ್ನೆಲ್ಲ ನನಗೆ ಮೊದಲು ಹೇಳಿದ್ದು ಯಾವ ಪ್ರೊಫೆಸರೂ ಅಲ್ಲ. ನನ್ನ ಟೀಮ್‌ನ ಒಬ್ಬ ಐರಿಷ್ ಸಹೋದ್ಯೋಗಿ. ಹೆಸರು ಹಾಕಬೇಡ, ಉಳಿದದ್ದೆಲ್ಲ ಬರಿ ಅಂದಿದ್ದಾಳೆ. ಮೂವತ್ತೈದರ ಆಸುಪಾಸು, ಕಥೋಲಿಕ್ ಮನೆಯಲ್ಲಿ ಬೆಳೆದವಳು, ಹತ್ತು ವರ್ಷದಿಂದ ಬ್ರಿಜಿಡ್‌ಳ ಒಕ್ಕಲು.

ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಮೂರು ಬಣ್ಣದ ಶಾಯಿ. ಹಳೆಯ ಗ್ರಂಥದಲ್ಲಿ ಇರುವುದು ಕಪ್ಪು. ಅಜ್ಜಿಯಂದಿರ ಕಾಲದ ರೂಢಿ ನೀಲಿ. ಅವಳಿಗೇ ಧ್ಯಾನದಲ್ಲಿ, ಕನಸಲ್ಲಿ ಅನಿಸಿದ್ದು ಹಸಿರು. ಕೆಲ್ಟಿಕ್ ಪೇಗನ್ನರಲ್ಲಿ ಪುನಾರಚನೆಯವರು ಅನ್ನುವ ಒಂದು ಪಂಗಡ ಇದೆ. ಪುರಾವೆ ಮೊದಲು, ಅನುಭವ ಆಮೇಲೆ ಅನ್ನುವವರು. ಅನುಭವಕ್ಕೆ ಅವರು ಕೊಟ್ಟಿರುವ ಹೆಸರೇ "ಪರಿಶೀಲಿಸದ ವೈಯಕ್ತಿಕ ಅರಿವು". ದೇವತೆ ನನಗೆ ಕನಸಲ್ಲಿ ಕೆಂಪು ಹೂ ಕೇಳಿದಳು ಅಂತ ಹೇಳಬಹುದು. ದೇವತೆಗೆ ಕೆಂಪು ಹೂವೇ ಆಗಬೇಕು ಅಂತ ಊರಿಗೆಲ್ಲ ಹೇಳುವಂತಿಲ್ಲ. ಇಷ್ಟು ಶಿಸ್ತಿನ ಭಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್‌ನವಳು ಅನ್ನೋದು ಗೊತ್ತಾಗುತ್ತೆ.

ನೀಲಿ ಶಾಯಿಯ ಪುಟಗಳೇ ನನಗೆ ಇಷ್ಟ. ಜನವರಿ 31ರ ಸಂಜೆ ಒಂದು ತುಂಡು ಬಟ್ಟೆಯನ್ನು ಕಿಟಕಿಯ ಹೊರಗೆ ಇಡಬೇಕು. ರಾತ್ರಿ ಬ್ರಿಜಿಡ್ ಆ ದಾರಿಯಾಗಿ ಹೋಗುವಾಗ ಅದನ್ನು ಮುಟ್ಟುತ್ತಾಳೆ. ಆ ಬಟ್ಟೆಯನ್ನು ವರ್ಷವಿಡೀ ಇಟ್ಟುಕೊಂಡು ತಲೆನೋವಿಗೆ, ಹೆರಿಗೆ ನೋವಿಗೆ ಬಳಸುತ್ತಾರೆ. ಜೊಂಡುಹುಲ್ಲನ್ನು ಕತ್ತರಿಸದೆ ಕೈಯಲ್ಲೇ ಕಿತ್ತು ತಂದು ನಾಲ್ಕು ತೋಳಿನ ಶಿಲುಬೆ ನೇಯ್ದು ಬಾಗಿಲ ಮೇಲೆ ಸಿಕ್ಕಿಸಬೇಕು, ಮನೆಗೆ ಬೆಂಕಿ ಬೀಳುವುದಿಲ್ಲ. ಹುಲ್ಲಿನ ಗೊಂಬೆ ಮಾಡಿ ಮನೆಮನೆಗೆ ಹೊತ್ತು ತಿರುಗಿ ಕಾಸು, ಬೆಣ್ಣೆ ಕೇಳುವುದೂ ಇತ್ತು. ಜೋಕುಮಾರನನ್ನು ಬುಟ್ಟಿಯಲ್ಲಿಟ್ಟು ಹೊತ್ತು ತರುವ ನಮ್ಮ ಉತ್ತರ ಕರ್ನಾಟಕದ ಹೆಂಗಸರು ನೆನಪಾದರು. ಇವೆಲ್ಲ ಕಥೋಲಿಕ್ ಮನೆಗಳ ರೂಢಿ. ಪೇಗನ್ನರು ಅದರಲ್ಲಿ ಹಳೆಯ ದೇವತೆಯ ನೆರಳು ಕಾಣುತ್ತಾರೆ. ಇಂಬೋಲ್ಕ್ ಹೊತ್ತಿಗೆ ಕುರಿಗಳು ಹಾಲು ಕೊಡಲು ಶುರು ಮಾಡುತ್ತವೆ, ಅದಕ್ಕೇ ಅವಳ ಕಪಾಟಿನ ಮುಂದೆ ಆ ದಿನ ಒಂದು ಬಟ್ಟಲು ಹಾಲು. ಟೆಸ್ಕೋ ಹಾಲೇ, ಅದೂ ಹಸುವಿನದು.

ಆದರೆ ಅವಳು ಈ ದಾರಿಗೆ ಬಂದದ್ದು ಹಬ್ಬದ ಸಡಗರಕ್ಕಲ್ಲ.

ಐರ್ಲೆಂಡಿನಲ್ಲಿ ಕಿಲೀನ್ ಅಂತ ಜಾಗಗಳಿವೆ. ದೀಕ್ಷಾಸ್ನಾನ ಆಗುವ ಮುಂಚೆ ಸತ್ತ ಶಿಶುಗಳನ್ನು ಇಗರ್ಜಿಯ ಪವಿತ್ರ ಭೂಮಿಯಲ್ಲಿ ಹೂಳಲು ಬಿಡುತ್ತಿರಲಿಲ್ಲ. ಆ ಮಕ್ಕಳು ಸ್ವರ್ಗಕ್ಕೂ ಸೇರದೆ ನರಕಕ್ಕೂ ಸೇರದೆ ಲಿಂಬೋ ಎಂಬಲ್ಲಿ ಉಳಿಯುತ್ತಾರೆ ಅನ್ನುವುದು ಆಗಿನ ಬೋಧನೆ. ಹಾಗಾಗಿ ಹೊಲದ ಬದು, ಹಳೆಯ ಮಣ್ಣಿನ ಕೋಟೆ, ಕಡಲ ದಂಡೆ, ಎಲ್ಲೋ ಒಂದು ಕಡೆ ಹೆಸರಿಲ್ಲದ ಕಲ್ಲಿಟ್ಟು ಹೂಳುತ್ತಿದ್ದರು. ಹೆಚ್ಚಾಗಿ ರಾತ್ರಿ ಹೊತ್ತು, ತಂದೆಯೋ ಚಿಕ್ಕಪ್ಪನೋ. ತಾಯಿಗೆ ಜಾಗ ತೋರಿಸದೇ ಇದ್ದದ್ದೂ ಉಂಟು. 20ನೇ ಶತಮಾನದ ನಡುವಿನವರೆಗೂ ಇದು ನಡೆಯಿತು. ಈಕೆಯ ಅಜ್ಜಿಯ ಮೊದಲ ಮಗು ಹಾಗೆ ಹೋಯಿತು. ಅಜ್ಜ ಪೆಟ್ಟಿಗೆ ಹಿಡಿದು ಕತ್ತಲಲ್ಲಿ ಹೋದ, ಬೆಳಗಾಗುವ ಮುಂಚೆ ಬಂದ. ಎಲ್ಲಿ ಅಂತ ಅಜ್ಜಿ ಸಾಯೋವರೆಗೂ ಕೇಳಲಿಲ್ಲವಂತೆ, ಅವನೂ ಹೇಳಲಿಲ್ಲವಂತೆ.

ಈಕೆಗೆ ಐದನೇ ತಿಂಗಳಲ್ಲಿ ಗರ್ಭ ಹೋದಾಗ ಆ ಕಥೆ ಹೊರಗೆ ಬಂತು. ಅಮ್ಮ ಮೊದಲ ಸಲ ಬಾಯಿ ಬಿಟ್ಟರು. ಆ ವರ್ಷಗಳಲ್ಲೇ ಇಡೀ ದೇಶ ಇಂಥದ್ದನ್ನು ಅಗೆದು ತೆಗೆಯುತ್ತಿತ್ತು. ಟುಆಮ್ ಊರಿನಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ತಾಯಿ-ಮಕ್ಕಳ ಆಶ್ರಮದಲ್ಲಿ ಸತ್ತ 796 ಮಕ್ಕಳಿಗೆ ಸಮಾಧಿಯ ದಾಖಲೆಯೇ ಇಲ್ಲ ಅಂತ ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕೋರ್ಲೆಸ್ ಮರಣಪತ್ರಗಳನ್ನು ಒಂದೊಂದಾಗಿ ತೆಗೆಸಿ ತೋರಿಸಿದ್ದರು. 2014ರಲ್ಲಿ ಅದು ಲೋಕಕ್ಕೆಲ್ಲ ಗೊತ್ತಾಯಿತು.

"ಮೇರಿ ಮಾತೆ ಮುಂದೆ ಮಂಡಿಯೂರೋಕೆ ಹೋದರೆ ಆ ಮಕ್ಕಳು ಅಡ್ಡ ಬರ್ತಿದ್ದರು" ಅಂದಳು ಅವಳು.

ಆಗ ಅವಳಿಗೆ ಸಿಕ್ಕಿದ್ದು ಮಾಯ್‌ತುರಾ ಯುದ್ಧದ ಕಥೆ. ದೇವರುಗಳಿಗೂ ಫೋಮೋರಿಯರೆಂಬ ವೈರಿಗಳಿಗೂ ನಡೆದ ಯುದ್ಧ. ಬ್ರಿಜಿಡ್‌ಳ ಗಂಡ ಆ ಕಡೆಯವನು, ತಂದೆ ಈ ಕಡೆಯವನು. ಅವಳ ಮಗ ರುಅದಾನ್ ದೇವರುಗಳ ಕಮ್ಮಾರನನ್ನು ಕೊಲ್ಲಲು ಹೋಗಿ ತಾನೇ ಸಾಯುತ್ತಾನೆ. ಬ್ರಿಜಿಡ್ ಬಂದು ಮಗನ ಹೆಣದ ಮೇಲೆ ಬಿದ್ದು ಚೀರುತ್ತಾಳೆ, ಅಳುತ್ತಾಳೆ. ಐರ್ಲೆಂಡಿನಲ್ಲಿ ಸತ್ತವರಿಗಾಗಿ ಅತ್ತ ದನಿ ಕೇಳಿದ್ದು ಅದೇ ಮೊದಲು ಅಂತ ಕಥೆ ಹೇಳುತ್ತೆ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ಪದ್ಧತಿ ಅಲ್ಲಿಂದ ಬಂತಂತೆ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಹೆಣದ ಮುಂದೆ ಹೇಳಿಕೊಂಡು ಅಳುತ್ತಾರಲ್ಲ, ಹಾಗೇ.

ಗಮನಿಸಿ, ಇದು ಕಪ್ಪು ಶಾಯಿಯ ಮಾತು, ಗ್ರಂಥದಲ್ಲೇ ಇರೋದು. ಆ ಅಳುವವಳು ನನ್ನ ಮಗುವಿಗೂ ಅಳುತ್ತಾಳೆ, ಅಜ್ಜಿಯ ಹೆಸರಿಲ್ಲದ ಮಗುವಿಗೂ ಅಳುತ್ತಾಳೆ ಅನ್ನೋದು ಹಸಿರು ಶಾಯಿ. ಅದು ಅವಳಿಗೂ ಚೆನ್ನಾಗಿ ಗೊತ್ತು. ದೀಪ ಕಾಯುವ ಸರದಿಗೆ ಅವಳು ಸೇರಿದ್ದು ಆ ವರ್ಷ.

ಅವಳ ಅಮ್ಮ ಈಗಲೂ ಪ್ರತಿ ಭಾನುವಾರ ಪೂಜೆಗೆ ಹೋಗುವವರು. ದೇವತೆ-ಗೀವತೆ ಅಂದರೆ ಸಿಡುಕುತ್ತಾರೆ. ಆದರೆ ಫೆಬ್ರುವರಿ 1ಕ್ಕೆ ತಾಯಿ-ಮಗಳು ಒಂದೇ ಕಾರಿನಲ್ಲಿ ಕಿಲ್ಡೇರ್ ಹತ್ತಿರದ ಬ್ರಿಜಿಡ್ ಬಾವಿಗೆ ಹೋಗುತ್ತಾರೆ. ತಾಯಿ ಜಪಮಾಲೆ ಹಿಡಿದು ಸಂತಳನ್ನು ಕರೀತಾರೆ. ಮಗಳು ಸ್ವಲ್ಪ ದೂರ ನಿಂತು ದೇವತೆಯನ್ನು ಕರೀತಾಳೆ. ನೀರು ಮಾತ್ರ ಒಂದೇ ಬಾಟಲಿಯಲ್ಲಿ ಮನೆಗೆ ಬರುತ್ತೆ.

"ಅಯ್ಯೋ, ಇದು ನಮ್ಮದೇ!"

ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಇದನ್ನು ಹೇಳಿದೆ ನೋಡಿ, ಐದೇ ನಿಮಿಷಕ್ಕೆ ಫಾರ್ವರ್ಡ್‌ಗಳು ಬಂದವು. ಡ್ರೂಯಿಡರು ಅಂದರೆ ದ್ರಾವಿಡರು, ಕೆರ್ನುನ್ನೋಸ್ ಅಂದರೆ ಪಶುಪತಿ, ಐರಿಷ್‌ನವರೆಲ್ಲ ಮೂಲತಃ ನಮ್ಮವರು. ಆ ಬೆಳ್ಳಿಪಾತ್ರೆಯ ದೇವರು ಮೊಹೆಂಜೊದಾರೊ ಮುದ್ರೆಯ ಕೊಂಬಿನ ಆಕೃತಿಯಂತೆ ಕಾಣೋದು ನಿಜ. ಆದರೆ ಎರಡರ ನಡುವೆ ಎರಡು ಸಾವಿರ ವರ್ಷ, ಅರ್ಧ ಭೂಖಂಡ ಇದೆ. ಹೋಲಿಕೆ ಬೇರೆ, ನೆಂಟಸ್ತಿಕೆ ಬೇರೆ.

ನೆಂಟಸ್ತಿಕೆ ಇರೋದು ಭಾಷೆಯಲ್ಲಿ. ಐರಿಷ್ ಮತ್ತು ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ಬ್ರಿಜಿಡ್ ಎಂಬ ಹೆಸರಿನ ಅರ್ಥ ಎತ್ತರದವಳು. ಸಂಸ್ಕೃತದ ಬೃಹತೀ ಅದಕ್ಕೆ ದಾಯಾದಿ ಪದ. ಐರಿಷ್‌ನಲ್ಲಿ ರಾಜನಿಗೆ ರೀ, ದೇವರಿಗೆ ದಿಯಾ. ಇನ್ನೊಂದು ಇದೆ. ಸಾಲ ತೀರಿಸದ ದೊಡ್ಡವನ ಮನೆ ಬಾಗಿಲಲ್ಲಿ ಉಪವಾಸ ಕೂತು ಅವನನ್ನು ಬಗ್ಗಿಸುವುದು ಹಳೆಯ ಐರಿಷ್ ಕಾನೂನಿನಲ್ಲೂ ಇತ್ತು, ನಮ್ಮಲ್ಲೂ ಇತ್ತು. ಮೈಲ್ಸ್ ಡಿಲನ್ ಎಂಬ ಐರಿಷ್ ವಿದ್ವಾಂಸರು ಇಂಥ ಹೋಲಿಕೆಗಳ ಮೇಲೆ ಬರೆದ ಪುಸ್ತಕ 1975ರಲ್ಲಿ ಶಿಮ್ಲಾದಿಂದಲೇ ಪ್ರಕಟವಾಯಿತು. ಅಷ್ಟಾಗಿಯೂ ಕನ್ನಡ ಬೇರೆ ಕುಲದ್ದು. ಬೃಹತ್ ನಮಗೂ ಎರವಲು ಪದವೇ. ನಮ್ಮದೇ ಅಂತ ಹಕ್ಕು ಹಾಕಲು ಹೊರಟರೆ ನಾನು ಸಾಲಿನಲ್ಲಿ ತುಂಬಾ ಹಿಂದೆ ನಿಲ್ಲಬೇಕಾಗುತ್ತೆ.

ನನಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೆ ಇತ್ತು. ಈ ವೃತ್ತದಲ್ಲಿ ನನ್ನಂಥ ಕಂದು ಬಣ್ಣದವರಿಗೆ ಜಾಗ ಇದೆಯಾ? ಬಿಳಿಯರೇ ಶ್ರೇಷ್ಠ ಅನ್ನುವ ಗುಂಪುಗಳು ಕೆಲ್ಟಿಕ್ ಶಿಲುಬೆಯನ್ನು ತಮ್ಮ ಲಾಂಛನ ಮಾಡಿಕೊಂಡಿವೆ. 2025ರ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಸಾಲುಸಾಲು ಹಲ್ಲೆಗಳಾದವು. ಎಚ್ಚರಿಕೆಯಿಂದಿರಿ, ಹೊತ್ತಲ್ಲದ ಹೊತ್ತಿನಲ್ಲಿ ಜನ ಇಲ್ಲದ ಕಡೆ ಹೋಗಬೇಡಿ ಅಂತ ಭಾರತೀಯ ರಾಯಭಾರ ಕಚೇರಿ ಸೂಚನೆ ಹೊರಡಿಸಿತು. ಆ ವಾರಗಳಲ್ಲಿ ನಾನೂ ಬಸ್‌ನಲ್ಲಿ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿದ್ದೆ.

ಪೇಗನ್ನರಲ್ಲೂ ಈ ಜಗಳ ಇದೆ. ರಕ್ತದಲ್ಲಿ ಕೆಲ್ಟಿಕ್ ಇದ್ದವರಿಗೇ ಆ ದೇವರುಗಳು ಅನ್ನುವವರು ಇದ್ದಾರೆ. ನನಗೆ ಪರಿಚಯ ಇರುವ ಪುನಾರಚನೆಯವರು ಇದನ್ನು ಕೇಳಿದರೆ ಕೆಂಡವಾಗುತ್ತಾರೆ. ಅವರ ವಾದ ಸರಳ. ಬಾತ್‌ನ ಸುಲಿಸ್‌ಗೆ ಹರಕೆ ಹೊತ್ತವರಲ್ಲಿ ಇಡೀ ರೋಮನ್ ಸಾಮ್ರಾಜ್ಯದ ಮೂಲೆಮೂಲೆಯವರಿದ್ದರು. ಆ ದೇವತೆಯ ಬಾಗಿಲಲ್ಲಿ ವಂಶವೃಕ್ಷ ಕೇಳಿದ್ದು ಎಲ್ಲೂ ದಾಖಲಾಗಿಲ್ಲ. ಭಾಷೆ ಕಲಿ, ಕಥೆ ಓದು, ಜಾಗವನ್ನು ನೋಡಿಕೋ, ಅಷ್ಟು ಸಾಕು ಅಂತಾರೆ.

ಜಾಗವನ್ನು ನೋಡಿಕೊಳ್ಳೋದು ಸುಮ್ಮನೆ ಮಾತಲ್ಲ. ಬ್ರಿಜಿಡ್ ಬಾವಿಯ ಪಕ್ಕದ ಮರಕ್ಕೆ ಬಟ್ಟೆಯ ಚೂರು ಕಟ್ಟುವ ಪದ್ಧತಿ ಇದೆ. ನೋವಿರುವ ಜಾಗಕ್ಕೆ ಬಟ್ಟೆ ಮುಟ್ಟಿಸಿ ಕೊಂಬೆಗೆ ಕಟ್ಟಬೇಕು. ಬಟ್ಟೆ ಮಳೆ-ಬಿಸಿಲಿಗೆ ಕೊಳೆತು ಉದುರಿದಂತೆ ಕಾಯಿಲೆಯೂ ಹೋಗುತ್ತೆ. ಈಗ ಬರುವ ಪ್ರವಾಸಿಗರು, ಹೊಸ ಭಕ್ತರು ಕಟ್ಟುವುದು ನೈಲಾನ್ ರಿಬ್ಬನ್, ಪಾಲಿಯೆಸ್ಟರ್ ದಾರ, ಹೋಗಲಿ ಅಂತ ಮಾಸ್ಕ್ ಕೂಡ! ನೈಲಾನ್ ಕೊಳೆಯಲ್ಲ. ಕೊಂಬೆ ದಪ್ಪ ಆದಂತೆ ದಾರ ತೊಗಟೆಯೊಳಗೆ ಇಳಿದು ಮರದ ಕತ್ತು ಹಿಸುಕುತ್ತೆ. ನನ್ನ ಸಹೋದ್ಯೋಗಿ ಮತ್ತು ಅವಳ ಗೆಳತಿಯರು ಕತ್ತರಿ ತೆಗೆದುಕೊಂಡು ಹೋಗಿ ಬಿಡಿಸುತ್ತಾರೆ. ಹತ್ತಿ, ಉಣ್ಣೆ ಇದ್ದರೆ ಮುಟ್ಟುವುದಿಲ್ಲ. ಬೇರೆಯವರ ಹರಕೆ ಕತ್ತರಿಸೋದು ತಪ್ಪಲ್ವಾ ಅಂತ ಕೇಳಿದೆ. "ಪ್ಲಾಸ್ಟಿಕ್‌ನಲ್ಲಿ ಕಟ್ಟಿದ ಕಾಯಿಲೆ ಎಂದೂ ಹೋಗಲ್ಲ, ನಾನು ಅವರಿಗೆ ಉಪಕಾರಾನೇ ಮಾಡ್ತಿದ್ದೀನಿ" ಅಂದಳು.

ನನ್ನ ಪಾಲಿಗೆ ಬಂದ ರಾತ್ರಿ

ಕಳೆದ ನವೆಂಬರಿನಲ್ಲಿ ಅವಳಿಗೊಂದು ಆಪರೇಷನ್ ಆಗಬೇಕಿತ್ತು. ಆಸ್ಪತ್ರೆಗೆ ಸೇರಬೇಕಾದ ದಿನವೇ ಅವಳ ಸರದಿ. ಆಸ್ಪತ್ರೆಯಲ್ಲಿ ದೀಪ ಹಚ್ಚುವ ಹಾಗಿಲ್ಲ, ಎಲ್ಲೆಲ್ಲೂ ಆಕ್ಸಿಜನ್. ಗುಂಪಿನ ಬೇರೆಯವರನ್ನು ಕೇಳಬಹುದಿತ್ತು. ನನ್ನನ್ನು ಕೇಳಿದಳು. ವಿಡಿಯೋ ಕಾಲ್‌ಗಳಲ್ಲಿ ನನ್ನ ಹಿಂದೆ ಕಾಣುವ ಹಿತ್ತಾಳೆ ದೀಪವನ್ನು ಗಮನಿಸಿದ್ದಳಂತೆ.

"ನಾನು ಅವಳನ್ನು ನಂಬುವವಳಲ್ಲವಲ್ಲ" ಅಂದೆ.

"ನಂಬಬೇಕು ಅಂತ ನಾನು ಹೇಳಲಿಲ್ಲ. ಆರದ ಹಾಗೆ ನೋಡ್ಕೊ ಅಂದೆ."

ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಬೈತಾರೇನೋ ಅಂತ ಅಂದುಕೊಂಡರೆ, ಅವರ ಚಿಂತೆಯೇ ಬೇರೆ. "ಯಾವ ತಾಯಿ ಆದ್ರೇನು, ಹಚ್ಚು. ಆದ್ರೆ ಒಂಟಿ ಬತ್ತಿ ಹಾಕ್ಬೇಡ ಕಣೇ, ಎರಡು ಸೇರಿಸಿ ಹೊಸೆದು ಹಾಕು. ಎಣ್ಣೆ ತೀರೋಕೆ ಮುಂಚೆ ಎದ್ದು ನೋಡು. ಆ ಹುಡುಗಿಗೆ ಆಪರೇಷನ್ ಎಷ್ಟು ಹೊತ್ತಿಗಂತೆ?"

ನವೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ. ಹತ್ತಿರ ಹತ್ತಿರ ಹದಿನಾರು ಗಂಟೆಯ ರಾತ್ರಿ. ಬಾಡಿಗೆ ಅಪಾರ್ಟ್‌ಮೆಂಟಿನ ಕರಾರಿನಲ್ಲಿ ಮೇಣದಬತ್ತಿ ನಿಷೇಧ ಅಂತಿತ್ತು. ಎಣ್ಣೆದೀಪದ ಮಾತು ಇರಲಿಲ್ಲ, ಅಷ್ಟನ್ನು ನಾನು ಎರಡು ಸಲ ಓದಿ ಖಚಿತ ಮಾಡಿಕೊಂಡೆ. ಸ್ಮೋಕ್ ಅಲಾರ್ಮ್‌ನಿಂದ ದೂರ, ಅಡುಗೆಮನೆ ಸಿಂಕ್ ಪಕ್ಕದ ಕಲ್ಲಿನ ಮೇಲೆ, ಒಂದು ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ನಡುವೆ ದೀಪ ಇಟ್ಟೆ. ಸೂರ್ಯಕಾಂತಿ ಎಣ್ಣೆ, ಊರಿಂದ ತಂದ ಹೂಬತ್ತಿ ಅಲ್ಲ, ಉದ್ದ ಬತ್ತಿ, ಎರಡು. ಮಂತ್ರ ಏನು ಹೇಳಬೇಕು ಅಂತ ಕೇಳಿದ್ದಕ್ಕೆ ಅವಳು ಏನೂ ಕಳಿಸಿರಲಿಲ್ಲ. ಎರಡು ಗಂಟೆಗೊಮ್ಮೆ ಅಲಾರ್ಮ್ ಇಟ್ಟು ಎದ್ದು ಎಣ್ಣೆ ಹಾಕಿದೆ. ಮೂರು ಗಂಟೆ ಹೊತ್ತಿಗೆ ಕುಡಿ ಕಟ್ಟಿ ಮಿಣುಕತೊಡಗಿತ್ತು, ಕಡ್ಡಿಯಲ್ಲಿ ಉದುರಿಸಿ ಬತ್ತಿ ಮುಂದೆ ತಳ್ಳಿದೆ. ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಯಾರೂ ಬರಲಿಲ್ಲ, ಏನೂ ಕಾಣಲಿಲ್ಲ. ಅವಳ ಅಜ್ಜಿಯ ಮಗುವಿಗೆ ಹೆಸರಿಟ್ಟಿದ್ದರೆ ಏನಿಡುತ್ತಿದ್ದರೋ ಅಂತ ಯೋಚನೆ ಬಂತು. ನಮ್ಮಮ್ಮನಿಗೂ ನನಗಿಂತ ಮುಂಚೆ ಒಂದು ಮಗು ಹೋಗಿತ್ತು ಅಂತ ಅತ್ತೆ ಯಾವಾಗಲೋ ಹೇಳಿದ್ದು ನೆನಪಾಯಿತು. ಅಮ್ಮನನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಬೆಳಿಗ್ಗೆ ಮನೆಯಿಂದಲೇ ಕೆಲಸ. ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯಿಂದ ಅವಳ ಅಮ್ಮನ ಮೆಸೇಜ್ ಬಂತು. ಎಲ್ಲ ಚೆನ್ನಾಗಾಯಿತು, ಎಚ್ಚರ ಆಗಿದೆ, ದೀಪ ಹೇಗಿದೆ ಅಂತ ಕೇಳ್ತಿದ್ದಾಳೆ ಅಂತ. ಕಳಿಸಿದ್ದು ಅಮ್ಮ, ದೇವತೆ ಅಂದರೆ ಸಿಡುಕುವ ಅದೇ ಅಮ್ಮ. ಫೋಟೊ ತೆಗೆದು ಕಳಿಸಿದೆ. ಸೂರ್ಯ ಮುಳುಗಿದ ಮೇಲೆ ಹಾಲಿನಲ್ಲಿ ಬತ್ತಿ ಅದ್ದಿ ದೀಪ ಶಾಂತ ಮಾಡಿದೆ. ಬಾಯಲ್ಲಿ ಊದಿ ಆರಿಸಬಾರದು ಅನ್ನೋದು ಅಮ್ಮನ ಇನ್ನೊಂದು ಸೂಚನೆ.

ಇಪ್ಪತ್ತು ದಿನಕ್ಕೆ ಮತ್ತೆ ಸರದಿ ಬರುವ ಹೊತ್ತಿಗೆ ಅವಳು ಮನೆಗೆ ಬಂದಿದ್ದಳು, ತಾನೇ ಹಚ್ಚಿದಳು. ನಾನು ನೋಡಲು ಹೋದಾಗ ನೋಟ್‌ಬುಕ್ ತೆಗೆದು, ಎರಡು ಬತ್ತಿ ಯಾಕೆ, ಹಾಲು ಯಾಕೆ ಅಂತ ವಿಚಾರಿಸಿದಳು. ನಮ್ಮ ಮನೆಗಳಲ್ಲಿ ಹಾಗೇ, ಅಮ್ಮನಿಗೆ ಅವರಮ್ಮ ಹೇಳಿದ್ದು ಅಂದೆ. ಬರೆದುಕೊಳ್ಳಲು ನೀಲಿ ಪೆನ್ನು ಎತ್ತಿದವಳು ನಿಂತಳು. ಅಜ್ಜಿ ಹೇಳಿದ್ದು ಅಂದರೆ ನೀಲಿ, ಆದರೆ ಇಲ್ಲಿಯ ಅಜ್ಜಿ ಅಲ್ಲವಲ್ಲ ಅಂತ ಅವಳ ತಕರಾರು. ಆಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡಳು.